ಒಂದು ಸಲ ನುಡಿಸಿದರೆ ಮುಗಿಯಿತಾ?

ಶನಿವಾರ ರಾತ್ರಿಯಿಂದ ಕೋಪ ಇಳಿದಿಲ್ಲ. ಮರೆತುಹೋದ ಬ್ರಿಟಿಷ್ ಕಂಪೋಸರ್‌ಗಳನ್ನು ಆರ್ಕೆಸ್ಟ್ರಾಗಳು ಒಂದೇ ಸಲ ನುಡಿಸಿ ಬಿಟ್ಟುಬಿಡುವುದರ ಮೇಲಿನ ಕೋಪ ಇದು. ಬರೆದು ಹಾಕಿದರಾದರೂ ಇಳಿಯುತ್ತದಾ ನೋಡೋಣ. ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಇಲ್ಲಿ ಬ್ರಿಟನ್ನಿನಲ್ಲಿ ನಮ್ಮ ಊರಿನ ಹತ್ತಿರ ಒಂದು ಒಳ್ಳೆಯ ಆರ್ಕೆಸ್ಟ್ರಾ ಇದೆ. ಹೆಸರು ಬೇಡ, ಇದು ಅವರೊಬ್ಬರ ಕಥೆಯಲ್ಲ. ಶನಿವಾರ ಅವರ ಕನ್ಸರ್ಟ್ ಇತ್ತು. ಮೊದಲಿಗೆ ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ ಅವರ 'ಬಲ್ಲಾಡ್ ಇನ್ ಎ ಮೈನರ್'. ಆಮೇಲೆ ಒಂದು ಪಿಯಾನೊ ಕನ್ಸರ್ಟೊ, ಅಂದರೆ ಆರ್ಕೆಸ್ಟ್ರಾ ಜೊತೆ ಪಿಯಾನೊ ಸೋಲೊ. ಇಂಟರ್ವಲ್ ಮುಗಿದ ಮೇಲೆ ಚೈಕೋವ್‌ಸ್ಕಿ ಸಿಂಫನಿ. ಬಲ್ಲಾಡ್ ಇರುವುದು ಸುಮಾರು 12 ನಿಮಿಷ. ಶುರುವಿನಿಂದಲೇ ಪಿಟೀಲುಗಳು ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತವೆ. ಆಮೇಲೆ ಎದೆ ತುಂಬಿ ಹಾಡಬೇಕು ಅನ್ನಿಸುವಂಥ ಒಂದು ಧಾಟಿ ಬರುತ್ತದೆ. ಮುಗಿದಾಗ ಹಾಲ್‌ನಲ್ಲಿ ಬಿದ್ದ ಚಪ್ಪಾಳೆ ಮರ್ಯಾದೆಗೆ ತಟ್ಟಿದ ಚಪ್ಪಾಳೆ ಅಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ಜೀವನವೆಲ್ಲ ಕನ್ಸರ್ಟ್ ಕೇಳಿದವರು, ಇದನ್ನು ಇಷ್ಟು ವರ್ಷ ನಮ್ಮಿಂದ ಯಾಕೆ ಬಚ್ಚಿಟ್ಟಿದ್ದರು ಅಂತ ಕೇಳಿದರು.

ಇಂಟರ್ವಲ್‌ನಲ್ಲಿ ಮುಂದಿನ ಸೀಸನ್ನಿನ ಬ್ರೋಷರ್ ಕೈಗೆ ಬಂತು. ಕೋಲ್‌ರಿಜ್-ಟೇಲರ್ ಎಲ್ಲಾದರೂ ಇದ್ದಾರಾ ಅಂತ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದೆ. ಇಲ್ಲ. ಬ್ರಿಟಿಷರ ಹೆಸರಲ್ಲಿ ಇದ್ದದ್ದು ಎಲ್ಗರ್‌ನ 'ಎನಿಗ್ಮಾ', ವಾನ್ ವಿಲಿಯಮ್ಸ್‌ನ 'ಲಾರ್ಕ್', ಹೋಲ್ಸ್ಟ್‌ನ 'ಪ್ಲಾನೆಟ್ಸ್'. ಇಷ್ಟೇ. ಮೇಜಿನ ಹಿಂದೆ ನಿಂತಿದ್ದ ಹುಡುಗಿಯನ್ನು ಕೇಳಿದೆ. ಅವಳು ತುಂಬ ಪ್ರೀತಿಯಿಂದಲೇ ಹೇಳಿದಳು: "ಅವರದ್ದು ಈ ವರ್ಷ ಮಾಡಿದೆವಲ್ಲ."

ಮಾಡಿದೆವಲ್ಲ! ಚೈಕೋವ್‌ಸ್ಕಿಯ ಸಿಂಫನಿ ಹೋದ ಸೀಸನ್‌ನಲ್ಲೂ ಇತ್ತು, ಮುಂದಿನ ಸೀಸನ್‌ನಲ್ಲೂ ಇದೆ. ಅವನ ವಿಷಯದಲ್ಲಿ ಯಾರೂ ಈ ಮಾತು ಹೇಳುವುದಿಲ್ಲ. ಹೇಳಲೂಬಾರದು. ನನ್ನ ತಕರಾರು ಚೈಕೋವ್‌ಸ್ಕಿ ಮೇಲಲ್ಲ. ಮರೆತುಹೋದ ಕಂಪೋಸರ್‌ಗಳನ್ನು ಯಾರೂ ನುಡಿಸುವುದೇ ಇಲ್ಲ ಅನ್ನುವುದೂ ನನ್ನ ದೂರಲ್ಲ. ಈಗ ನುಡಿಸುತ್ತಾರೆ. ಒಂದು ಸಲ ನುಡಿಸುತ್ತಾರೆ. ಆಮೇಲೆ ಕೈ ತೊಳೆದುಕೊಳ್ಳುತ್ತಾರೆ. ಎರಡನೇ ಸಲ ಅನ್ನುವುದು ಬರುವುದೇ ಇಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಮೈಸೂರಿನಲ್ಲಿ ಪಿಟೀಲು ಕಲಿತವಳು, ಇಲ್ಲಿಗೆ ಬಂದ ಮೇಲೆ ಪಿಟೀಲಿಗಿಂತ ಕೊಂಚ ದೊಡ್ಡದಾದ, ದನಿ ತಗ್ಗಿದ ವಯೋಲಾಕ್ಕೆ ಬದಲಾದವಳು, ಗುರುವಾರ ಸಂಜೆ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಕೂರುವವಳು. ಕೃತಿಯೊಂದು ಮೊದಲ ಸಲ ಕೇಳಿದಾಗಲೇ ನಮ್ಮೊಳಗೆ ಇಳಿಯುವುದಿಲ್ಲ ಅನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನೂರು ಸಲ ಕೇಳಿದ 'ಜಗದೋದ್ಧಾರನ'ವನ್ನು ನೂರೊಂದನೇ ಸಲ ಕೇಳಲು ಹೋಗುವವರು ನಾವು. ಕಂಪೋಸರ್ ಹೆಸರೇ ಕೇಳದ ಜನ ಅವರ ಒಂದು ಕೃತಿಯನ್ನು ಜೀವಮಾನದಲ್ಲಿ ಒಂದೇ ಸಲ ಕೇಳಿದರೆ ಏನು ಉಳಿಯುತ್ತದೆ ಹೇಳಿ?

ಒಂದು ವಿಷಯ ಹೇಳುತ್ತೇನೆ, ನುಡಿಸುವವರಿಗೆ ಬಿಟ್ಟು ಬೇರೆಯವರಿಗೆ ಕಾಣುವುದಿಲ್ಲ. ಇಂಥ ಕೃತಿಗಳ ಪಾರ್ಟ್‌ಗಳು (ಒಂದೊಂದು ವಾದ್ಯಕ್ಕೂ ಬೇರೆಯಾಗಿ ಅಚ್ಚಾದ ಸ್ವರಗಳ ಹಾಳೆಗಳು) ಹೆಚ್ಚಾಗಿ ಅಂಗಡಿಯಲ್ಲಿ ಸಿಗುವುದಿಲ್ಲ, ಪ್ರಕಾಶಕರಿಂದ ಬಾಡಿಗೆಗೆ ತರಬೇಕು. ಪೆನ್ಸಿಲ್‌ನಲ್ಲೇ ಗುರುತು ಹಾಕಿಕೊಳ್ಳಬೇಕು, ಕನ್ಸರ್ಟ್ ಮುಗಿದ ಮೇಲೆ ವಾಪಸ್ ಕಳಿಸಬೇಕು. ನುಡಿಸಿದವರು ಕೊನೆಯ ಪುಟದ ಖಾಲಿ ಜಾಗದಲ್ಲಿ ಊರು, ತಾರೀಖು ಬರೆಯುತ್ತಾರೆ. ಕೆಲವರು ಎಷ್ಟು ನಿಮಿಷವಾಯಿತು, ಹೊರಗೆ ಮಳೆ ಇತ್ತಾ ಅನ್ನುವುದನ್ನೂ ಬರೆಯುತ್ತಾರೆ. ಜನಪ್ರಿಯ ಕೃತಿಯ ಹಳೇ ಬಾಡಿಗೆ ಪಾರ್ಟ್ ಆದರೆ ಆ ಪುಟದಲ್ಲಿ ಸೂಜಿ ಇಡಲೂ ಜಾಗ ಇರುವುದಿಲ್ಲ. ಹೋದ ವರ್ಷ ನಾವು ಬ್ರಿಟಿಷ್ ಕಂಪೋಸರ್ ರೂತ್ ಗಿಪ್ಸ್ ಅವರ ಎರಡನೇ ಸಿಂಫನಿ ನುಡಿಸಿದೆವು. ನನ್ನ ಸ್ಟ್ಯಾಂಡ್‌ಗೆ ಬಂದ ವಯೋಲಾ ಪಾರ್ಟ್‌ನ ಕೊನೆಯ ಪುಟ ಹೆಚ್ಚುಕಮ್ಮಿ ಖಾಲಿ ಇತ್ತು. ಕಮಾನು ಮೇಲಕ್ಕೋ ಕೆಳಕ್ಕೋ ಅನ್ನುವ ಗುರುತುಗಳೂ ಅಲ್ಲಲ್ಲಿ ಮಾತ್ರ. ನಮಗಿಂತ ಮೊದಲು ಯಾರೂ ಸಮಸ್ಯೆಗಳನ್ನು ಬಿಡಿಸಿಟ್ಟಿರಲಿಲ್ಲ. ಎಲ್ಲ ನಾವೇ ಬಿಡಿಸಬೇಕಾಯಿತು.

ಈ ಸಿಂಫನಿ 1945ರದ್ದು. ಒಂದೇ ಉಸಿರಿನಲ್ಲಿ ಸಾಗುವ ಇಪ್ಪತ್ತು ನಿಮಿಷದ ಸಂಗೀತ, ನಡುವೆ ಒಂದು ಮಾರ್ಚ್ ಬರುತ್ತದೆ. ಬರೆದಾಗ ಗಿಪ್ಸ್‌ಗೆ ಇಪ್ಪತ್ತನಾಲ್ಕರ ಆಸುಪಾಸು. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನ ಒಂದು ಕನ್ಸರ್ಟ್‌ನಲ್ಲಿ ಆಕೆ ಗ್ಲಾಜುನೋವ್‌ನ ಪಿಯಾನೊ ಕನ್ಸರ್ಟೊಗೆ ಸೋಲೊ ನುಡಿಸಿ, ಅದೇ ಸಂಜೆ ಆರ್ಕೆಸ್ಟ್ರಾದೊಳಗೆ ಕೂತು ತನ್ನದೇ ಮೊದಲ ಸಿಂಫನಿಗೆ ಕೋರ್ ಆಂಗ್ಲೆ ಅನ್ನುವ, ಓಬೊ ಜಾತಿಯ ವಾದ್ಯ ಊದಿದ್ದರು. ಕಂಡಕ್ಟರ್, ಅಂದರೆ ಮುಂದೆ ನಿಂತು ಆರ್ಕೆಸ್ಟ್ರಾ ನಡೆಸಿದವರು, ಜಾರ್ಜ್ ವೆಲ್ಡನ್. ಗಿಪ್ಸ್ ಒಟ್ಟು ಐದು ಸಿಂಫನಿ ಬರೆದರು. ಕಂಡಕ್ಟರ್ ಆಗಲು ಯಾರೂ ಅವಕಾಶ ಕೊಡದಿದ್ದಾಗ 1955ರಲ್ಲಿ ತಾವೇ ಲಂಡನ್ ರೆಪರ್ಟ್ವಾರ್ ಆರ್ಕೆಸ್ಟ್ರಾ ಕಟ್ಟಿದರು. 1999ರಲ್ಲಿ ತೀರಿಕೊಂಡರು. ಅಂದರೆ ನಾವು ಕಾಲೇಜಿನಲ್ಲಿದ್ದಾಗ ಇನ್ನೂ ಬದುಕಿದ್ದವರು! ಈಗ ಅವರ ಸಿಂಫನಿಗಳು ಷಾಂಡೋಸ್ ಕಂಪನಿಯ ಸೀಡಿಗಳಲ್ಲಿ ಸಿಗುತ್ತವೆ. ವಿಮರ್ಶಕರು ಹೊಗಳಿದ್ದಾರೆ. ಆದರೆ ಕನ್ಸರ್ಟ್ ಹಾಲ್‌ನಲ್ಲಿ ಕೂತು ಕೇಳಬೇಕು ಅಂದರೆ ಅದೃಷ್ಟ ಬೇಕು.

"ಅದು ಒಳ್ಳೆಯ ಸಂಗೀತವಾಗಿದ್ದರೆ ತಾನಾಗೇ ಉಳಿಯುತ್ತಿತ್ತು, ಕಾಲ ಜರಡಿ ಹಿಡಿಯುತ್ತದೆ." ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ನಮ್ಮ ಆರ್ಕೆಸ್ಟ್ರಾದಲ್ಲೇ ಹೇಳುವವರಿದ್ದಾರೆ. ಅವರಿಗೆ ನಾನು ಕೊಡುವ ಉತ್ತರ ಎಲ್ಗರ್‌ನ ಚೆಲ್ಲೊ ಕನ್ಸರ್ಟೊ. ಇವತ್ತು ಅದನ್ನು ಕೇಳದ ಸೀಸನ್ ಇಲ್ಲ. 1919ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಮೊದಲ ಸಲ ನುಡಿಸಿದಾಗ ಅದು ನೆಲ ಕಚ್ಚಿತ್ತು. ಕಾರಣ ಸಂಗೀತ ಅಲ್ಲ. ಅದೇ ಕನ್ಸರ್ಟ್‌ನ ಉಳಿದ ಭಾಗ ನಡೆಸುತ್ತಿದ್ದ ಕಂಡಕ್ಟರ್ ರಿಹರ್ಸಲ್ ಸಮಯ ನುಂಗಿಹಾಕಿದ್ದರು, ಎಲ್ಗರ್‌ಗೆ ಸಾಕಷ್ಟು ಉಳಿಯಲಿಲ್ಲ. ಅವತ್ತಿನ ಜರಡಿಯಲ್ಲಿ ಅದು ಹೊಟ್ಟಿನ ಜೊತೆ ಹೋಗಬೇಕಿತ್ತು. ಹೋಗಲಿಲ್ಲ, ಯಾಕೆಂದರೆ ಅದು ಎಲ್ಗರ್‌ದು, ಮತ್ತೆ ಮತ್ತೆ ಎತ್ತಿಕೊಳ್ಳುವವರಿದ್ದರು. 1965ರಲ್ಲಿ ಚೆಲ್ಲೊ ವಾದಕಿ ಜಾಕ್ವೆಲಿನ್ ದು ಪ್ರೆ ರೆಕಾರ್ಡ್ ಮಾಡಿದ ಮೇಲಂತೂ ಮನೆಮಾತಾಯಿತು. ಅದಕ್ಕೆ ಎರಡನೇ ಅವಕಾಶ ಸಿಕ್ಕಿತು, ಹತ್ತನೇ ಅವಕಾಶವೂ ಸಿಕ್ಕಿತು. ಕಾಲ ತಾನಾಗಿ ಏನನ್ನೂ ಜರಡಿ ಹಿಡಿಯುವುದಿಲ್ಲ. ಕಮಿಟಿಯಲ್ಲಿ ಕೂತ ಮನುಷ್ಯರು ಹಿಡಿಯುತ್ತಾರೆ.

ಇನ್ನು ಜನಕ್ಕೆ ಇಷ್ಟವಾದದ್ದು ಉಳಿಯುತ್ತದೆ ಅನ್ನುವವರಿಗೆ ಮತ್ತೆ ಕೋಲ್‌ರಿಜ್-ಟೇಲರ್ ಕಡೆಗೇ ಕೈ ತೋರಿಸುತ್ತೇನೆ. 1875ರಲ್ಲಿ ಲಂಡನ್ನಿನ ಹೋಲ್‌ಬರ್ನ್‌ನಲ್ಲಿ ಹುಟ್ಟಿ ಕ್ರಾಯ್ಡನ್‌ನಲ್ಲಿ ಬೆಳೆದ ಹುಡುಗ. ತಂದೆ ಸಿಯೆರಾ ಲಿಯೋನ್‌ನ ಡಾಕ್ಟರ್, ತಾಯಿ ಇಂಗ್ಲಿಷ್ ಹೆಣ್ಣುಮಗಳು. ನಾನು ಶನಿವಾರ ಕೇಳಿದ ಬಲ್ಲಾಡ್ 1898ರಲ್ಲಿ ಗ್ಲಾಸ್ಟರ್‌ನ ಥ್ರೀ ಕ್ವಾಯರ್ಸ್ ಉತ್ಸವಕ್ಕೆ ಬರೆದದ್ದು. ಉತ್ಸವದವರು ಮೊದಲು ಕೇಳಿದ್ದು ಎಲ್ಗರ್‌ನನ್ನು. ನನಗೆ ಬಿಡುವಿಲ್ಲ, ಈ ಹುಡುಗನಿಗೆ ಕೊಡಿ ಅಂತ ಹೇಳಿದವನೇ ಎಲ್ಗರ್. ಅದೇ ವರ್ಷ ನವೆಂಬರ್‌ನಲ್ಲಿ ಬಂದ 'ಹಯಾವಾಥಾಸ್ ವೆಡ್ಡಿಂಗ್ ಫೀಸ್ಟ್', ಅಮೆರಿಕದ ಕವಿ ಲಾಂಗ್‌ಫೆಲೊ ಪದ್ಯಕ್ಕೆ ಸಂಗೀತ ಹಾಕಿದ ಕೋರಸ್ ಕೃತಿ, ದೇಶವನ್ನೇ ಹುಚ್ಚೆಬ್ಬಿಸಿತು. ಊರೂರಿನ ಕೋರಸ್ ಗುಂಪುಗಳು ಹಾಡಿದವು. ಲಕ್ಷಗಟ್ಟಲೆ ಪ್ರತಿ ಖರ್ಚಾದವು. ಆದರೆ ಅವರು ಹಕ್ಕನ್ನು ಪ್ರಕಾಶಕರಿಗೆ ಬರೀ 15 ಗಿನಿಗೆ ಪೂರ್ತಿ ಮಾರಿಬಿಟ್ಟಿದ್ದರು. 37ನೇ ವಯಸ್ಸಿಗೆ ನ್ಯುಮೋನಿಯಾ ಆಗಿ ತೀರಿಕೊಂಡಾಗ ಮನೆಯಲ್ಲಿ ದುಡ್ಡಿರಲಿಲ್ಲ. ಆ ಅನ್ಯಾಯ ಕಂಡು ಸಂಗೀತದವರಿಗೆ ಎಷ್ಟು ನೋವಾಯಿತು ಅಂದರೆ, 1914ರಲ್ಲಿ ರಾಯಲ್ಟಿ ವಸೂಲಿಗೆ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಹುಟ್ಟಲು ಅದೂ ಒಂದು ಕಾರಣವಾಯಿತು.

1924ರಿಂದ 1939ರವರೆಗೆ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹೆಚ್ಚುಕಮ್ಮಿ ಪ್ರತಿ ವರ್ಷ 'ಹಯಾವಾಥಾ'ವನ್ನು ವೇಷ ಕಟ್ಟಿಕೊಂಡು ಹಾಡುತ್ತಿದ್ದರು. ಯುದ್ಧ ಬಂತು, ನಿಂತಿತು. ನಿಂತ ಮೇಲೆ ಮರೆತೇಹೋಯಿತು. ಅಮೆರಿಕದ ಮೂಲನಿವಾಸಿಗಳನ್ನು ಆ ಪದ್ಯ ಚಿತ್ರಿಸುವ ರೀತಿ ಈಗ ಕಸಿವಿಸಿ ತರುತ್ತದೆ, ಒಪ್ಪುತ್ತೇನೆ. ಹಾಗಾದರೆ ಅವರ ವಯೊಲಿನ್ ಕನ್ಸರ್ಟೊ ನುಡಿಸಿ! ಕ್ಲಾರಿನೆಟ್ ಕ್ವಿಂಟೆಟ್ ನುಡಿಸಿ! ಜನಪ್ರಿಯತೆ ಇದ್ದರೂ ಮರೆಸಬಹುದು. ನುಡಿಸುವುದನ್ನು ನಿಲ್ಲಿಸಿದರೆ ಸಾಕು.

ಹೋಲ್ಸ್ಟ್‌ನಂಥ ದೊಡ್ಡ ಹೆಸರಿಗೂ ಇದೇ ಗತಿ ಅಲ್ವಾ? 'ಪ್ಲಾನೆಟ್ಸ್' ಬಿಟ್ಟರೆ ಅವರು ಬೇರೆ ಬರೆದೇ ಇಲ್ಲವೇನೋ ಅನ್ನಿಸುತ್ತದೆ. ಋಗ್ವೇದದ ಸೂಕ್ತಗಳಿಗೆ ಸಂಗೀತ ಹಾಕಬೇಕು ಅಂತ ಸಂಸ್ಕೃತ ಕಲಿಯಲು ಹೋದ ಮನುಷ್ಯ. ಸಿಕ್ಕ ಅನುವಾದಗಳು ಹಿಡಿಸದೆ ತಾವೇ ಇಂಗ್ಲಿಷಿಗೆ ತಂದುಕೊಂಡರು. ಮಹಾಭಾರತದ ಸಾವಿತ್ರಿ ಕಥೆಗೆ ಮೂರೇ ಪಾತ್ರಗಳ, ಅರ್ಧ ಗಂಟೆಯ ಒಂದು ಅಪೆರಾ ಬರೆದರು. ತಮ್ಮ ಅತ್ಯುತ್ತಮ ಕೃತಿ ಅಂತ ಅವರು ನಂಬಿದ್ದು 1927ರ 'ಎಗ್ಡನ್ ಹೀತ್'. ಅದು 'ಪ್ಲಾನೆಟ್ಸ್' ಇರುವ ಸಂಜೆಯಲ್ಲೂ ಬರುವುದಿಲ್ಲ. ಕಂಪೋಸರ್ ಫ್ರಾಂಕ್ ಬ್ರಿಜ್ ಕಥೆ ಇನ್ನೂ ಬೇಸರದ್ದು. ಅವರ ಹೆಸರು ಕನ್ಸರ್ಟ್‌ಗಳಲ್ಲಿ ಹೆಚ್ಚು ಕೇಳುವುದು ಶಿಷ್ಯ ಬೆಂಜಮಿನ್ ಬ್ರಿಟನ್ ಬರೆದ 'ಫ್ರಾಂಕ್ ಬ್ರಿಜ್‌ನ ಥೀಮ್ ಮೇಲಿನ ವೇರಿಯೇಷನ್ಸ್' ಕಾರಣಕ್ಕೆ. ಗುರುವಿನ ಸ್ವಂತ ಸಂಗೀತ ಕಪಾಟಿನಲ್ಲಿ.

ಈಗ ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರದವರ ವಿಷಯ. ಜಾನ್ ಫೌಲ್ಡ್ಸ್. 1880ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದವರು. ಹ್ಯಾಲೆ ಆರ್ಕೆಸ್ಟ್ರಾದಲ್ಲಿ ಚೆಲ್ಲೊ ನುಡಿಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ, ಎಲ್ಲ ದೇಶದ ಸತ್ತವರಿಗಾಗಿ, 'ಎ ವರ್ಲ್ಡ್ ರಿಕ್ವಿಯಮ್' ಬರೆದರು. 1923ರ ನವೆಂಬರ್ 11ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಸೇರಿ ಹಾಡಿ ನುಡಿಸಿದರು. 1926ರವರೆಗೆ ಪ್ರತಿ ವರ್ಷ ಆಯಿತು. ಆಮೇಲೆ ಕೈಬಿಟ್ಟರು. ಮತ್ತೆ ಕೇಳಿಸಿದ್ದು 2007ರಲ್ಲಿ. ನಡುವೆ 81 ವರ್ಷ. 2007ರ ಕನ್ಸರ್ಟ್ ಬಗ್ಗೆ ಎಲ್ಲರೂ ಮಾತಾಡಿದರು, ಸೀಡಿಯೂ ಬಂತು. ಸರಿ, ಆಮೇಲೆ?

ಫೌಲ್ಡ್ಸ್ ಹೆಂಡತಿ ಮಾಡ್ ಮೆಕಾರ್ಥಿ ಪಿಟೀಲು ವಾದಕಿ. ಆಕೆ ಆನಿ ಬೆಸೆಂಟ್ ಜೊತೆ ಭಾರತಕ್ಕೆ ಬಂದು ನಮ್ಮ ಸಂಗೀತ ಕಲಿತು ಹೋಗಿದ್ದರು. ಅದು ಗಂಡನಿಗೂ ಹತ್ತಿತು. ಪಿಯಾನೊಗೆ ಬರೆದ 'ಎಸ್ಸೇಸ್ ಇನ್ ದ ಮೋಡ್ಸ್' ಕೇಳಿ. ದಕ್ಷಿಣದ ಮೇಳಗಳ ಸ್ವರಸಾಲು ಹಿಡಿದು, ಅದರಾಚೆ ಒಂದು ಸ್ವರವನ್ನೂ ಮುಟ್ಟದೆ ಬರೆದ ತುಣುಕುಗಳು. ಬಾಲ್ಯದಲ್ಲಿ ಸರಳೆ ವರಸೆ ಕಲಿತ ಯಾರಿಗಾದರೂ ಕಿವಿ ನಿಮಿರುತ್ತದೆ. ಸಂಸ್ಕೃತ ಕಥೆಯ ಒಂದು ದೊಡ್ಡ ಅಪೆರಾ ಬರೆದು ಆಮೇಲೆ ತಾವೇ ನಾಶಮಾಡಿದರು. ಅದರಲ್ಲಿ ಉಳಿದದ್ದು ಆರ್ಕೆಸ್ಟ್ರಾದ 'ಥ್ರೀ ಮಂತ್ರಾಸ್'. ಮೂರನೆಯ ಮಂತ್ರದ ಅಬ್ಬರ ಕೇಳಿದರೆ ಮೈ ಜುಂ ಅನ್ನುತ್ತದೆ. 1935ರಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಭಾರತಕ್ಕೆ ಬಂದರು. ದೆಹಲಿಯ ಆಲ್ ಇಂಡಿಯಾ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥರಾದರು. ನಮ್ಮ ವಾದ್ಯದವರನ್ನು ಕೂರಿಸಿಕೊಂಡು ಆರ್ಕೆಸ್ಟ್ರಾ ಕಟ್ಟಲು ಹೊರಟರು. 1939ರಲ್ಲಿ ಕಲ್ಕತ್ತಾಕ್ಕೆ ವರ್ಗವಾಗಿ ಹೋದ ಕೂಡಲೇ ಕಾಲರಾದಿಂದ ತೀರಿಕೊಂಡರು. ಅವರ 'ಸಿಂಫನಿ ಆಫ್ ಈಸ್ಟ್ ಅಂಡ್ ವೆಸ್ಟ್' ಕಳೆದೇ ಹೋಗಿದೆ. ಕಳೆದದ್ದಕ್ಕೆ ಅಳಬಹುದು ಅಷ್ಟೆ. ಆದರೆ ಇರುವ ಕೃತಿಗಳನ್ನು ಅವರು ಹುಟ್ಟಿದ ನಾಡಿನಲ್ಲೇ ಅಪರೂಪಕ್ಕೊಮ್ಮೆ ನುಡಿಸುವುದಿದೆಯಲ್ಲ, ಅದಕ್ಕೆ ನನಗೆ ಸಿಟ್ಟು.

"ಅಕ್ಕಾ, ನಮ್ಮನ್ನು ಆಳಿದವರಿಗೋಸ್ಕರ ನೀವು ಯಾಕೆ ಇಷ್ಟು ಒದ್ದಾಡ್ತೀರಿ?" ಅಂತ ಮೈಸೂರಿನ ತಮ್ಮನಂಥ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ನಾನು ಹೇಳುತ್ತಿರುವ ಜನ ಯಾರು ನೋಡಪ್ಪಾ. ಒಬ್ಬರು ಲಂಡನ್ನಿನ ಕಪ್ಪು ಹುಡುಗ. ಒಬ್ಬರು ನಮ್ಮ ಮೇಳಗಳನ್ನು ಹಿಡಿದುಕೊಂಡು ಕಲ್ಕತ್ತಾದಲ್ಲಿ ಪ್ರಾಣ ಬಿಟ್ಟವರು. ಇನ್ನೊಬ್ಬ ಕಂಪೋಸರ್ ಎಥೆಲ್ ಸ್ಮಿತ್ ಹೆಂಗಸರ ಓಟಿನ ಹಕ್ಕಿಗೆ ಹೋರಾಡಿ 1912ರಲ್ಲಿ ಹಾಲೊವೇ ಜೈಲಿಗೆ ಹೋದವರು. ಇವರು ಯಾರನ್ನು ಆಳಿದ್ದರು?

ಮೈಸೂರು ಅಂದಮೇಲೆ ಇನ್ನೊಂದು ಹೇಳಲೇಬೇಕು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ನಮ್ಮ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ ಬೆನ್ನಿಗೆ ನಿಂತಿದ್ದು ಬಹಳ ಜನಕ್ಕೆ ಗೊತ್ತು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಕಂಪೋಸರ್ ನಿಕೊಲಾಯ್ ಮೆಡ್ಟ್ನರ್ ವಯಸ್ಸಾಗಿ, ಕಾಯಿಲೆ ಬಿದ್ದು, ಜಗತ್ತು ಮರೆತ ಹೊತ್ತಿನಲ್ಲಿ ಒಡೆಯರು ಮಾಡಿದ್ದೇನು? ದುಡ್ಡು ಕೊಟ್ಟು ಒಂದು ಕನ್ಸರ್ಟ್ ಮಾಡಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಮೆಡ್ಟ್ನರ್ ಸೊಸೈಟಿ ಕಟ್ಟಿ, ಕಂಪೋಸರ್‌ನನ್ನೇ ಪಿಯಾನೊ ಮುಂದೆ ಕೂರಿಸಿ, ಮೂರೂ ಕನ್ಸರ್ಟೊಗಳನ್ನು ರೆಕಾರ್ಡ್ ಮಾಡಿಸಿದರು. ಮೊದಲನೆಯದಕ್ಕೆ ಕಂಡಕ್ಟರ್, ಮೇಲೆ ಹೇಳಿದ ಅದೇ ಜಾರ್ಜ್ ವೆಲ್ಡನ್. ಮೂರನೇ ಕನ್ಸರ್ಟೊವನ್ನು ಮೆಡ್ಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ಮರುಕೇಳುವಿಕೆ ಇಲ್ಲದೆ ಸಂಗೀತ ಬದುಕುವುದಿಲ್ಲ ಅನ್ನುವುದು ಆ ದೊರೆಗೆ ಗೊತ್ತಿತ್ತು. ಆ ರೆಕಾರ್ಡ್‌ಗಳನ್ನು ಜನ ಇವತ್ತಿಗೂ ಹುಡುಕಿಕೊಂಡು ಕೇಳುತ್ತಾರೆ.

ಆರ್ಕೆಸ್ಟ್ರಾಗಳ ಕಷ್ಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಇಲ್ಲಿ ವೃತ್ತಿಪರರಿಗೂ ಒಂದು ಕನ್ಸರ್ಟ್‌ಗೆ ಸಿಗುವ ರಿಹರ್ಸಲ್ ಕಮ್ಮಿ. ಹೊಸ ಕೃತಿ ಅಂದರೆ ಆ ಸಮಯದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಬಾಡಿಗೆ ಬೇರೆ. ಟಿಕೆಟ್ ಹೋಗದಿದ್ದರೆ ಅನ್ನುವ ಭಯ ಬೇರೆ. ಆದರೆ ಯೋಚಿಸಿ, ಆ ಕಷ್ಟವನ್ನೆಲ್ಲ ಪಟ್ಟು ಕಲಿತಾಗಿದೆಯಲ್ಲ? ಪಾರ್ಟ್‌ಗಳಲ್ಲಿ ಗುರುತು ಬಿದ್ದಿದೆ, ತಪ್ಪು ಅಚ್ಚಾದ ಸ್ವರಗಳನ್ನು ತಿದ್ದಿಯಾಗಿದೆ, ಕಂಡಕ್ಟರ್‌ಗೆ ಸ್ಕೋರ್ ಗೊತ್ತಾಗಿದೆ. ಎರಡನೇ ಸಲ ನುಡಿಸಲು ಮೊದಲಿನ ಅರ್ಧ ಖರ್ಚೂ ಆಗುವುದಿಲ್ಲ. ಹಣದ ಲೆಕ್ಕದಲ್ಲೂ ಬಿಟ್ಟುಬಿಡುವುದು ದಂಡ. ಟಿಕೆಟ್ಟಿನ ಮಾತಾದರೆ, ಶನಿವಾರದ ಹಾಲ್ ತುಂಬಿತ್ತು. ಚೈಕೋವ್‌ಸ್ಕಿ ತುಂಬಿಸಿದ, ಸರಿ. ಮುಂದಿನ ವರ್ಷವೂ ಅವನೇ ತುಂಬಿಸುತ್ತಾನೆ. ಅವನ ಮುಂದೆ ಮತ್ತೆ ಕೋಲ್‌ರಿಜ್-ಟೇಲರ್ ಇದ್ದರೆ ಎಷ್ಟು ಸೀಟು ಖಾಲಿಯಾಗುತ್ತವೆ?

ಮತ್ತೆ ಮತ್ತೆ ನುಡಿಸಿದರೆ ಏನಾಗುತ್ತದೆ ಅನ್ನುವುದು ವಯೋಲಾದವರಿಗೆ ಚೆನ್ನಾಗಿ ಗೊತ್ತು. ರೆಬೆಕಾ ಕ್ಲಾರ್ಕ್ ಅವರ ವಯೋಲಾ ಸೊನಾಟಾ (ವಯೋಲಾ ಮತ್ತು ಪಿಯಾನೊ ಇಬ್ಬರೇ ನುಡಿಸುವ ಕೃತಿ) 1919ರದ್ದು. ಅಮೆರಿಕದ ಸ್ಪರ್ಧೆಯೊಂದರಲ್ಲಿ ಅರ್ನೆಸ್ಟ್ ಬ್ಲಾಖ್ ಕೃತಿಯ ಜೊತೆ ಸಮಸಮ ಬಂದಿತ್ತು. ಇದನ್ನು ಹೆಂಗಸು ಬರೆದಿರಲು ಸಾಧ್ಯವಿಲ್ಲ, ಯಾರೋ ಗಂಡಸಿನ ಗುಪ್ತನಾಮ ಇರಬೇಕು ಅಂತ ಮಾತು ಹಬ್ಬಿತ್ತು. ದಶಕಗಟ್ಟಲೆ ಮೂಲೆಗೆ ಬಿದ್ದಿತ್ತು. 1970ರ ದಶಕದಲ್ಲಿ ಮತ್ತೆ ಹೊರಬಂತು. ನಮ್ಮ ವಾದ್ಯಕ್ಕೆ ಒಳ್ಳೆಯ ಸೊನಾಟಾಗಳು ಕಮ್ಮಿ. ಹಾಗಾಗಿ ಕಲಿಯುವ ಮಕ್ಕಳು ನುಡಿಸಿದರು, ಪರೀಕ್ಷೆಗೆ ನುಡಿಸಿದರು, ಸ್ಪರ್ಧೆಗೆ ನುಡಿಸಿದರು. ಈಗ ಅದಿಲ್ಲದ ವಯೋಲಾ ಪ್ರಪಂಚವನ್ನು ಊಹಿಸಲೂ ಆಗುವುದಿಲ್ಲ. ಯಾರೂ ಅದಕ್ಕೆ ಮಹಿಳಾ ದಿನದ ವಿಶೇಷ ಕನ್ಸರ್ಟ್ ಮಾಡಿ ಉಪಕಾರ ಮಾಡಲಿಲ್ಲ. ಸುಮ್ನೆ ನುಡಿಸುತ್ತಾ ಹೋದರು.

ಮಹಿಳಾ ದಿನ ಅಂದಾಗ ನೆನಪಾಯಿತು. ಮಾರ್ಚ್ ಬಂದರೆ ಸ್ಮಿತ್, ಗಿಪ್ಸ್, ಕ್ಲಾರ್ಕ್ ಎಲ್ಲರೂ ಒಂದೇ ವಾರದಲ್ಲಿ ಕಾಣಿಸಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಯಾರೂ ಇರುವುದಿಲ್ಲ. ಹುಟ್ಟಿ ನೂರು ವರ್ಷ, ಸತ್ತು ನೂರು ವರ್ಷ ಅಂತ ಮಾಡುವವರದೂ ಇದೇ ಕಥೆ. ನೂರಾ ಒಂದನೇ ವರ್ಷಕ್ಕೆ ಕಪಾಟಿಗೆ.

ಈ ಎಲ್ಲ ಕಂಪೋಸರ್‌ಗಳೂ ಮಹಾನ್ ಅಂತ ನಾನು ಹೇಳುತ್ತಿಲ್ಲ. ಹ್ಯಾವರ್ಗಲ್ ಬ್ರಯನ್ 32 ಸಿಂಫನಿ ಬರೆದಿದ್ದಾರೆ, ಬಹುಪಾಲು ಎಂಬತ್ತು ದಾಟಿದ ಮೇಲೆ. ಅವರ ಹಟಕ್ಕೆ ನಮಸ್ಕಾರ, ಎಲ್ಲವೂ ನನಗೆ ಹಿಡಿಸಲಿಲ್ಲ. ಆದರೆ ಹಿಡಿಸಲಿಲ್ಲ ಅನ್ನುವ ಹಕ್ಕು ನನಗೆ ಬಂದದ್ದೇ ಸೀಡಿ ಹಾಕಿ ಹಲವು ಸಲ ಕೇಳಿದ್ದರಿಂದ. ಆ ಹಕ್ಕು ಹಾಲ್‌ನಲ್ಲಿ ಕೂತ ಎಲ್ಲರಿಗೂ ಸಿಗಲಿ. ಕೇಳಿ ಬೇಡ ಅನ್ನಲಿ.

ಭಾನುವಾರ ಆ ಆರ್ಕೆಸ್ಟ್ರಾಗೆ ಒಂದು ಮೇಲ್ ಬರೆದೆ. ಬಲ್ಲಾಡ್ ಚೆನ್ನಾಗಿತ್ತು, ಮುಂದಿನ ವರ್ಷ ಮತ್ತೆ ನುಡಿಸಿ ಅಂತ, ಅಷ್ಟೇ. ಇಲ್ಲಿ ಬ್ರಿಟನ್ನಿನಲ್ಲಿರುವ ಸ್ನೇಹಿತರು ದಯವಿಟ್ಟು ಹೀಗೆ ಬರೆಯಿರಿ. ಇಷ್ಟವಾಯಿತು ಅಂತ ಬರೆದರೆ ಸಾಲದು, 'ಮತ್ತೆ ನುಡಿಸಿ' ಅಂತ ಬರೆಯಿರಿ. ಮಾರ್ಕೆಟಿಂಗ್‌ನವರು ಇಂಥ ಮೇಲ್‌ಗಳನ್ನು ಎಣಿಸುತ್ತಾರೆ.

ನಮ್ಮ ಹವ್ಯಾಸಿ ಕಮಿಟಿಯಲ್ಲೂ ಇದೇ ಜಗಳ ಆಯಿತು. ಗಿಪ್ಸ್ ಸಿಂಫನಿ ಮತ್ತೆ ಹಾಕೋಣ ಅಂದೆ. "ಹೋದ ವರ್ಷ ಮಾಡಿದೆವಲ್ಲ" ಅಂದರು. ಬ್ರಾಮ್ಸ್ ಎಷ್ಟು ಸಲ ಮಾಡಿದ್ದೇವೆ ಅಂತ ಕೇಳಿದೆ. ಟ್ರಂಬೋನ್‌ನವರು ನನ್ನ ಕಡೆ ಕೈ ಎತ್ತಿದರು, ಕ್ಲಾರಿನೆಟ್‌ನವರೂ ಎತ್ತಿದರು. ಪಾಸಾಯಿತು. ನವೆಂಬರ್‌ನಲ್ಲಿ, ನಮ್ಮ ಚರ್ಚ್ ಹಾಲ್‌ನಲ್ಲೇ. ಟಿಕೆಟ್ 12 ಪೌಂಡ್, ಮಕ್ಕಳಿಗೆ ಫ್ರೀ. ಬರುವವರು ಕಮೆಂಟ್‌ನಲ್ಲಿ ಹೇಳಿ, ಸೀಟು ಹಿಡಿದಿಡುತ್ತೇನೆ. ಹೋದ ಸಲ ಕೇಳಿದವರು ತಪ್ಪದೆ ಬನ್ನಿ, ಎರಡನೇ ಸಲ ಹೇಗನ್ನಿಸಿತು ಅಂತ ನಿಮ್ಮಿಂದಲೇ ಕೇಳಬೇಕು.